ಹಬ್ಬದ ಸಿಹಿಯೂ ಹಲ್ಲುಗಳ ಸಂರಕ್ಷಣೆಯೂ



ಕ್ರಿಸ್ತಜಯಂತಿಯಿಂದ ಸಂಕ್ರಾಂತಿಯ ವರೆಗೆ ಸುಮಾರು ಮೂರು ವಾರಗಳು ಮಾತ್ರವೇ. ಆದರೂ ಈ ಸ್ವಲ್ಪ ಕಾಲದಲ್ಲಿ ನಮ್ಮ ಮಕ್ಕಳ ಬಾಯಿಗೆ ಬೀಳುವ ಸಿಹಿಯು ಬಹಳ. ಮೊದಲು ಮನೆಯ ಕಜ್ಜಾಯ, ಕಲ್ಕಲ, ಕೇಕು. ಆ ಮೇಲೆ ನೆರೆಯವರು ಕೊಡುವ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬು. ಬೆಂಗಳೂರಿನ ಉತ್ತರದಲ್ಲಿರುವ ವಿದ್ಯಾರಣ್ಯಪುರ, ತಿಂಡ್ಲು, ಯಲಹಂಕ ಮುಂತಾದ ಸ್ಥಳಗಳಲ್ಲಿ ಹಬ್ಬದ ದಿನ ಒಂದೊಂದು ಮನೆಗೂ ಹಲವು ಪೊಟ್ಟಣಗಳು ಬಂದು ಸೇರುತ್ತವೆ. ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸಬೇಕೆಂದು ನಾವು ಹೇಳುವದಿಲ್ಲ. ಅದನ್ನು ಯಾವಾಗ, ದಿನಕ್ಕೆ ಎಷ್ಟು ಸಾರಿ ತಿನ್ನತಕ್ಕದ್ದು ಎಂಬದೇ ಈ ಪಾಠದ ವಿಷಯ.

ಹಲ್ಲು ಕೆಡುವದು ಹೇಗೆ?

ಹುಳುಕುಹಲ್ಲು ಎಂಬ ಮಾತಿನಿಂದ ಹಲ್ಲಿನೊಳಗೆ ಹುಳುವಿದೆಯೆಂದು ಅನೇಕರು ನಂಬಿದ್ದಾರೆ. ಹೊಗೆ ಹಿಡಿಸಿ ಹುಳು ತೆಗೆಯುತ್ತೇವೆಂದು ಹಣ ಕೇಳುವವರೂ ಉಂಟು. ಅಂಥ ಹುಳುವೇ ಇಲ್ಲ. ಬಾಯಿಯಲ್ಲಿರುವ ಸೂಕ್ಷ್ಮ ಜೀವಿಗಳು ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ, ಆ ಹುಳಿಯು ಹಲ್ಲನ್ನು ಕರಗಿಸುತ್ತದೆ ಎಂಬದನ್ನು ಬರ್ಲಿನ್ ನಗರದಲ್ಲಿ ಕಲಿಸುತ್ತಿದ್ದ ಮಿಲ್ಲರ್ ಎಂಬ ವಿದ್ವಾಂಸನು 1890ರಲ್ಲಿ ವಿವರಿಸಿದನು.

ಆದರೆ ನಮ್ಮ ಜೊಲ್ಲಿಗೆ ಒಂದು ಒಳ್ಳೇ ಗುಣವಿದೆ. ಅದು ಆ ಹುಳಿಯನ್ನು ತೊಳೆದು, ಹಲ್ಲು ಕಳಕೊಂಡ ಸುಣ್ಣದ ಅಂಶವನ್ನು ಸ್ವಲ್ಪಸ್ವಲ್ಪವಾಗಿ ತಿರಿಗಿ ಸೇರಿಸುತ್ತದೆ. ಹುಳಿಯು ಶಮನವಾಗುವದಕ್ಕೇ ಸುಮಾರು ಅರ್ಧ ತಾಸಿನಿಂದ ಒಂದು ತಾಸು ಬೇಕು. ಅಷ್ಟರೊಳಗೆ ಮಗುವು ಮತ್ತೊಂದು ಚೂರು ಬಾಯಿಗೆ ಹಾಕಿಕೊಂಡರೆ ಜೊಲ್ಲಿನ ಕೆಲಸವೆಲ್ಲ ವ್ಯರ್ಥ. ಒಂದು ಸಕ್ಕರೆ ಅಚ್ಚನ್ನು ಊಟವಾದ ಕೂಡಲೇ ತಿಂದು ಮುಗಿಸಿದ ಮಗುವಿನ ಹಲ್ಲಿಗೆ ಒಂದೇ ಸಾರಿ ಪೆಟ್ಟು; ಅದೇ ಅಚ್ಚನ್ನು ಬೆಳಗಿನಿಂದ ಸಂಜೆಯ ವರೆಗೆ ಆರು ಸಾರಿ ನೆಕ್ಕಿದ ಮಗುವಿನ ಹಲ್ಲಿಗೆ ಆರು ಸಾರಿ ಪೆಟ್ಟು.

ಇದಕ್ಕೆ ಸಾಕ್ಷಿಯೂ ಉಂಟು. ಸ್ವೀಡನ್ ದೇಶದ ವಿಪೆಹೋಮ್ ಆಸ್ಪತ್ರೆಯಲ್ಲಿ 1947ರಿಂದ ಕೆಲವು ವರುಷ ರೋಗಿಗಳಿಗೆ ಬೇರೆಬೇರೆ ವಿಧವಾಗಿ ಸಿಹಿಯನ್ನು ಕೊಟ್ಟು ಪರೀಕ್ಷಿಸಿದರು. ಊಟದೊಂದಿಗೆ ಸಕ್ಕರೆ ತಿಂದವರ ಹಲ್ಲುಗಳು ಅಷ್ಟಾಗಿ ಕೆಡಲಿಲ್ಲ. ಊಟಗಳ ನಡುವೆ ಅಂಟುವ ಮಿಠಾಯಿಯನ್ನು ತಿಂದವರ ಹಲ್ಲುಗಳು ಬಹಳವಾಗಿ ಕೆಟ್ಟವು. ಆ ರೋಗಿಗಳು ಬುದ್ಧಿ ಬೆಳೆಯದ ದುರ್ಬಲರು; ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅದು ಅನ್ಯಾಯವೇ ಸರಿ. ಅವರ ನೋವಿನಿಂದ ದೊರೆತ ತಿಳುವಳಿಕೆಯನ್ನು ನಾವಾದರೂ ಅಲಕ್ಷ್ಯ ಮಾಡಬಾರದು.

ಬೆಲ್ಲವು ಸಕ್ಕರೆಯಲ್ಲವೆಂದು ಯಾರೂ ಮೋಸಹೋಗಬಾರದು. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಮೇಲಾಗಿ ಅದು ಹಲ್ಲಿನ ಸಂದಿಗೆ ಅಂಟುತ್ತದೆ.

ಹಾಲುಹಲ್ಲು ಹೇಗೂ ಬೀಳುವದಲ್ಲವೇ?

ಹೀಗೆ ಹೇಳುವ ತಾಯಿತಂದೆಗಳು ಬಹು ಜನ. ಆದರೆ ಹಾಲುಹಲ್ಲು ಮುಂದೆ ಬರುವ ಹಲ್ಲಿಗೆ ಸ್ಥಳವನ್ನು ಕಾದಿಡುತ್ತದೆ. ಅದು ಕೆಟ್ಟು ಕೀವು ತುಂಬಿದರೆ ಮಗುವಿಗೆ ಊಟವಿಲ್ಲ, ನಿದ್ರೆಯಿಲ್ಲ, ಪಾಠವಿಲ್ಲ. ಇದಲ್ಲದೆ ಸುಮಾರು ಆರನೆಯ ವರುಷದಲ್ಲಿ ಹಾಲುಹಲ್ಲುಗಳ ಹಿಂದೆ ಒಂದು ದವಡೆಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವದರಿಂದ ಅದನ್ನೂ ಹಾಲುಹಲ್ಲೆಂದು ಎಣಿಸಿ ಬಿಟ್ಟುಬಿಡುತ್ತಾರೆ. ಅದು ಆಯುಷ್ಯವಿಡೀ ಇರತಕ್ಕ ಹಲ್ಲು. ಹೋದರೆ ಮತ್ತೊಂದು ಬಾರದು.

ಮಾಡತಕ್ಕವುಗಳು

1. ಬಂದ ಸಿಹಿಯನ್ನೆಲ್ಲ ಒಂದು ಡಬ್ಬಿಯಲ್ಲಿಟ್ಟು, ಊಟದೊಂದಿಗೆ ಮಿತವಾಗಿ ಬಡಿಸಿರಿ. ಮಕ್ಕಳ ಜೇಬಿನಲ್ಲಿ ಇಡಬೇಡಿರಿ.
2. ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿರಿ.
3. ಬೆಳಿಗ್ಗೆ ಮಾತ್ರವಲ್ಲ, ರಾತ್ರಿ ಮಲಗುವ ಮುಂಚೆಯೂ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿರಿ. ಆ ಮೇಲೆ ನೀರಿನ ಹೊರತು ಏನೂ ಕೂಡದು. ಮೂರು ವರುಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆರು ವರುಷದ ವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು, ಅದನ್ನು ನುಂಗಬಾರದು.
4. ಇಟ್ಟಿಗೆಪುಡಿಯು ಹಲ್ಲನ್ನು ಸವೆಯಿಸುತ್ತದೆ. ಕಡ್ಡಿಪುಡಿಯು ಹೊಗೆಸೊಪ್ಪಾದದರಿಂದ ಹಾನಿಕರ. ಎರಡನ್ನೂ ಬಿಟ್ಟುಬಿಡಿರಿ.
5. ಸಿಹಿಹಾಲಿನ ಬುಡ್ಡಿಯನ್ನು ಬಾಯಿಗಿಟ್ಟು ಕೂಸನ್ನು ಮಲಗಿಸಬೇಡಿರಿ.
6. ವಾರಕ್ಕೊಮ್ಮೆ ಮಕ್ಕಳ ಬಾಯನ್ನು ಬೆಳಕಿಗೆ ಹಿಡಿದು ನೋಡಿರಿ. ಸುಣ್ಣದಂತಹ ಬಿಳೀ ಕಲೆ ಕೇಡಿನ ಮೊದಲನೆಯ ಗುರುತಾಗಿರಬಹುದು. ಆಗಲೇ ಎಚ್ಚತ್ತರೆ ಅದನ್ನು ತಡೆಯಬಹುದು. ಗುಳಿ ಬಿದ್ದಿದ್ದರೆ ದಂತವೈದ್ಯರ ಬಳಿಗೆ ಹೋಗತಕ್ಕದ್ದು. ಮುಖ ಊದಿ ಜ್ವರ ಬಂದರೆ ಅದೇ ದಿನ ಹೋಗಿರಿ. ಬೆಂಗಳೂರಿನ ಕೋಟೆಯ ಬಳಿ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತ ಕಾಲೇಜು ಇದೆ. ಯಲಹಂಕದ ಆಚೆ ಹುಣಸಮಾರನಹಳ್ಳಿಯಲ್ಲಿಯೂ ಒಂದು ದಂತ ಕಾಲೇಜು ಇದೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಹಿರಿಯರು ಹೇಳುವದುಂಟು. ನಮ್ಮ ಮಕ್ಕಳಿಗೆ ಎರಡೂ ಇರಲಿ.

ಪ್ರಶ್ನೆಗಳು

1. ಹಲ್ಲು ಹುಳುಕಾಗುವದಕ್ಕೆ ನಿಜವಾದ ಕಾರಣವೇನು?
2. ಸಿಹಿಯನ್ನು ಊಟದೊಂದಿಗೇ ಯಾಕೆ ತಿನ್ನಬೇಕು?
3. ನಿಮ್ಮ ಮನೆಯಲ್ಲಿ ಆರು ವರುಷ ತುಂಬಿದ ಮಗುವಿದೆಯೋ? ಅದರ ಹೊಸ ದವಡೆಹಲ್ಲನ್ನು ನೋಡಿದ್ದೀರೋ?