ಆಹಾರ ಒಗ್ಗದ ಮಗುವಿಗೆ ಲಸಿಕೆ ಹಾಕಿಸಬಹುದೇ?



ಕಳೆದ ಮಳೆಗಾಲದಲ್ಲಿ ಮನೆ ಭೇಟಿಗೆಂದು ಒಂದು ಕಾಫಿ ತೋಟದ ಲೈನ್ ಮನೆಗಳಿಗೆ ಹೋಗಿದ್ದೆವು. ಅಲ್ಲಿ 1 ವರ್ಷ 10 ತಿಂಗಳಿನ ಒಂದು ಗಂಡು ಮಗು. ಮೊಟ್ಟೆ ತಿಂದ ದಿನ ತುಟಿಯ ಸುತ್ತ, ಎದೆಯ ಮೇಲೆ ಗಂಧೆ ಏಳುತ್ತದೆ. ಹಸುವಿನ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ನೀರಿನಂತೆ ಭೇದಿ. ತಾಯಿ ಕಾರ್ಡ್ ತೆಗೆಸಿ ನೋಡಿದೆವು. 9 ತಿಂಗಳಿಗೆ ಹಾಕಿಸಿದ ಲಸಿಕೆಗಳಾದ ಮೇಲೆ ಎಲ್ಲಾ ಕಾಲಂ ಖಾಲಿ. ಯಾಕೆ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದರು: "ಒಂದು ಮೊಟ್ಟೆನೇ ತಡ್ಕಳಲ್ಲ ಈ ಕೂಸು. ಇನ್ನು ಸೂಜಿಮದ್ದು ತಡ್ಕಳುತ್ತಾ ಸಿಸ್ಟರ್?"

ಈ ಪ್ರಶ್ನೆಗೆ ನಗಬಾರದು. ಮಗುವನ್ನು ದಿನವೂ ಎತ್ತಿ ಆಡಿಸುವವರು ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಪ್ರಶ್ನೆ ಇದು. "ಅಷ್ಟೂ ಗೊತ್ತಿಲ್ವಾ" ಎಂದು ಗದರಿಸಿ ಬಂದರೆ ಮುಂದಿನ ಸಲ ಅವರು ಕಾರ್ಡನ್ನೇ ತೋರಿಸುವುದಿಲ್ಲ. ಆದ್ದರಿಂದ ಈ ಸಲ ಇದನ್ನೇ ಪಾಠವಾಗಿ ಇಟ್ಟುಕೊಳ್ಳೋಣ.

ಮೊದಲು, ಒಗ್ಗದೇ ಇರುವುದರಲ್ಲಿ ಎರಡು ಬಗೆ ಇದೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಕೆಲವರ ಕರುಳಿಗೆ ಅದನ್ನು ಅರಗಿಸುವ ಶಕ್ತಿ ಸಾಲದು, ಆಗ ಗ್ಯಾಸು, ಹೊಟ್ಟೆನೋವು, ಭೇದಿ. ಮಕ್ಕಳಲ್ಲಿ ಜೋರಾದ ವಾಂತಿಭೇದಿಯಾದ ಮೇಲೆ ಕೆಲವು ವಾರ ಹೀಗಾಗಿ ತಾನಾಗಿ ಸರಿಹೋಗುವುದೂ ಉಂಟು. ಇದು ಹೊಟ್ಟೆಯ ತೊಂದರೆ. ಅಲರ್ಜಿ ಬೇರೆ. ಅದರಲ್ಲಿ ಮೈಯ ರಕ್ಷಣಾ ಶಕ್ತಿಯೇ ಮೊಟ್ಟೆಯನ್ನೋ ಹಾಲಿನ ಪ್ರೋಟೀನನ್ನೋ ಶತ್ರು ಎಂದು ತಪ್ಪು ತಿಳಿಯುತ್ತದೆ. ಗಂಧೆ ಏಳಬಹುದು, ತುಟಿ ಊದಬಹುದು, ಅಪರೂಪಕ್ಕೆ ಉಸಿರೇ ಕಟ್ಟಬಹುದು. ನಮ್ಮ ಜನ ಎರಡಕ್ಕೂ "ಮೈಗೆ ಆಗಲ್ಲ" ಎಂದು ಒಂದೇ ಮಾತು ಹೇಳುವುದರಿಂದ ಗೊಂದಲ ಹುಟ್ಟುತ್ತದೆ.

ಲ್ಯಾಕ್ಟೋಸ್ ಅರಗದ ಮಗುವಿಗೆ ಎಲ್ಲಾ ಲಸಿಕೆಗಳನ್ನೂ ಹಾಕಿಸಬಹುದು. ಹಾಲು ಅರಗದಿರುವುದಕ್ಕೂ ಲಸಿಕೆಗೂ ಸಂಬಂಧವೇ ಇಲ್ಲ.

ಮೊಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಭಯಕ್ಕೆ ಒಂದು ಬೇರು ಇದೆ. ಹಳದಿ ಜ್ವರದ ಲಸಿಕೆ, ಫ್ಲೂ ಲಸಿಕೆಗಳಲ್ಲಿ ಹಲವು, ಕೋಳಿ ಮೊಟ್ಟೆಯಲ್ಲಿ ಬೆಳೆಸಿ ತಯಾರಾಗುವಂಥವು. ಹಳದಿ ಜ್ವರದ್ದು ಆಫ್ರಿಕಾ, ದಕ್ಷಿಣ ಅಮೆರಿಕದ ಕಡೆ ಹೋಗುವವರಿಗೆ ಮಾತ್ರ. ಮೊಟ್ಟೆ ಆಗದವರು ಅದಕ್ಕೆ ಮೊದಲೇ ಡಾಕ್ಟರನ್ನು ಕೇಳಬೇಕು. ನಮ್ಮ ಮಕ್ಕಳ ಕಾರ್ಡಿನಲ್ಲಿರುವ ಪೋಲಿಯೊ, ಪೆಂಟಾ, ಡಿಪಿಟಿ ಲಸಿಕೆಗಳನ್ನು ಮೊಟ್ಟೆಯಲ್ಲಿ ಬೆಳೆಸುವುದಿಲ್ಲ. ದಡಾರದ ಲಸಿಕೆಯನ್ನು ಕೆಲವು ಕಡೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸುತ್ತಾರೆ, ಆದರೆ ಅದರಲ್ಲಿ ಉಳಿಯುವ ಮೊಟ್ಟೆಯ ಅಂಶ ಇದ್ದೂ ಇಲ್ಲದಷ್ಟು. ಮೊಟ್ಟೆ ಅಲರ್ಜಿ ಇರುವ ಮಕ್ಕಳಿಗೂ ಅದನ್ನು ಹಾಕಬಹುದು ಎಂದೇ ವೈದ್ಯರ ಅಭಿಪ್ರಾಯ. ಈ ಮಗುವಿನ ವಿಷಯದಲ್ಲಂತೂ ಉತ್ತರ ಕಾರ್ಡಿನಲ್ಲೇ ಇತ್ತು. 9 ತಿಂಗಳಿಗೆ ಎಂಆರ್, ಅಂದರೆ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಆಗಿತ್ತು, ಒಂದು ಗಂಧೆಯೂ ಎದ್ದಿರಲಿಲ್ಲ. ಅಜ್ಜಿಗೆ ಅದನ್ನು ತೋರಿಸಿದಾಗ, "ಹೌದಲ್ವಾ" ಎಂದರು.

ಹಾಗಾದರೆ ಯಾವಾಗ ನಿಲ್ಲಿಸಬೇಕು? ಹಿಂದಿನ ಡೋಸ್ ಹಾಕಿದ ಕೂಡಲೇ ಮುಖ ಊದಿ, ಉಸಿರು ಕಟ್ಟಿದ್ದರೆ ಅದೇ ಲಸಿಕೆಯನ್ನು ಮತ್ತೆ ಹಾಕಿಸಬಾರದು. ಲಸಿಕೆಯಲ್ಲಿ ಬೆರೆಸುವ ಜಿಲೆಟಿನ್, ನಿಯೋಮೈಸಿನ್ ಇವುಗಳಿಗೆ ತೀವ್ರ ಅಲರ್ಜಿ ಇದ್ದರೆ, ಮಗುವಿನ ರೋಗನಿರೋಧಕ ಶಕ್ತಿಗೇ ದೊಡ್ಡ ಕಾಯಿಲೆ ಇದ್ದರೆ, ಡಾಕ್ಟರೇ ತೀರ್ಮಾನಿಸಬೇಕು. ಜೋರು ಜ್ವರ ಇದ್ದರೆ ಇಳಿಯುವ ತನಕ ಕಾಯುವುದು. ಯಾವುದೇ ಆಹಾರದಿಂದ ಒಮ್ಮೆಯಾದರೂ ಉಸಿರು ಕಟ್ಟಿದ ಮಗುವಾದರೆ ಅದನ್ನು ಮುಂಚೆಯೇ ತಿಳಿಸಿ, ವೈದ್ಯರು ಇರುವ ಆಸ್ಪತ್ರೆಯಲ್ಲೇ ಹಾಕಿಸಿರಿ. ಶೀತ, ಸಣ್ಣ ಕೆಮ್ಮು, ಸ್ವಲ್ಪ ಭೇದಿ, ಮಗು ಸೊರಗಿದೆ ಎಂಬುದು ಕಾರಣಗಳಲ್ಲ.

ಸೊರಗಿದ ಮಗುವಿನ ಬಗ್ಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಕೆಲಸಕ್ಕೆ ಹೊಸಬರಾಗಿದ್ದಾಗ, ಪದೇ ಪದೇ ಭೇದಿಯಾಗುತ್ತಿದ್ದ ಒಂದು ಹೆಣ್ಣುಮಗುವಿನ ತಾಯಿಗೆ "ಮೈ ಸ್ವಲ್ಪ ತುಂಬಲಿ, ಆಮೇಲೆ ಹಾಕಿಸಿದ್ರಾಯ್ತು" ಎಂದು ನಾವೇ ಹೇಳಿದ್ದೆವು. ಮೈ ತುಂಬುವ ಮೊದಲೇ ದಡಾರ ಬಂತು, ಹಿಂದೆಯೇ ನ್ಯುಮೋನಿಯ. ಮಗು ಉಳಿಯಿತು, ಆದರೆ ಅದು ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳನ್ನು ನಾವು ಮರೆತಿಲ್ಲ. ದಡಾರ ಮಗುವಿನ ಮೈಯಲ್ಲಿರುವ ಎ ಜೀವಸತ್ವವನ್ನು ಹೀರುತ್ತದೆ, ಬೇರೆ ರೋಗಗಳನ್ನು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಹಾಲು ಮೊಟ್ಟೆ ಎರಡೂ ಇಲ್ಲದೆ ಬೆಳೆಯುವ ಮಗುವಿಗೆ ಲಸಿಕೆ ಇನ್ನೂ ಹೆಚ್ಚು ಬೇಕು.

ಲೈನ್ ಮನೆಗೆ ಮತ್ತೆ ಬರೋಣ. ಅಜ್ಜಿ ಒಪ್ಪಿದರು, ಪಾಠ ಮುಗಿಯಿತು ಎಂದುಕೊಂಡು ಹೊರಟಿದ್ದೆವು. ಗೇಟಿನ ತನಕ ಬಂದ ಮಗುವಿನ ತಾಯಿ ಮೆಲ್ಲಗೆ ಹೇಳಿದಳು: "ಹೋದ ಸಲ ಸೂಜಿ ಹಾಕ್ಸಿದ್ಮೇಲೆ ಎರಡು ದಿನ ಜ್ವರ ಬಂತು ಸಿಸ್ಟರ್. ಎರಡು ದಿನದ ಕೂಲಿ ಹೋಯ್ತು. ಅದಕ್ಕೇ ಅತ್ತೆ ಬೇಡ ಅಂದಿದ್ದು." ಮೊಟ್ಟೆ, ಹಾಲು ಎಲ್ಲಾ ಮುಂದಿನ ಮಾತು. ಹಿಂದಿನದ್ದು ಕೂಲಿ. ನಾವು ಒಂದು ಗಂಟೆ ಕೂತು ವಿವರಿಸಿದರೂ ಇದನ್ನು ಕೇಳಿಯೇ ಇರಲಿಲ್ಲ.

ಸಂಘದಲ್ಲಿ ಮಾತಾಡಿ ಹೀಗೆ ಮಾಡಿದರು. ಲಸಿಕೆಯ ಮರುದಿನ ಪಕ್ಕದ ಮನೆಯ ಸದಸ್ಯೆ ಮಗುವನ್ನು ನೋಡಿಕೊಳ್ಳುವುದು, ಅವಳ ಮಗುವಿನ ಸರದಿ ಬಂದಾಗ ಇವಳು. ಡಿಪಿಟಿಯ ಜ್ವರ ಒಂದೆರಡು ದಿನದೊಳಗೆ ಬರುತ್ತದೆ. ಎಂಆರ್ ಜ್ವರ ಬಂದರೆ ಸಾಮಾನ್ಯವಾಗಿ ಒಂದು ವಾರ ಕಳೆದ ಮೇಲೆ. ಇದು ಗೊತ್ತಿದ್ದರೆ ಕೆಲಸ ಹೊಂದಿಸಿಕೊಳ್ಳಬಹುದು. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಎಂಬುದನ್ನು ಮಗುವಿನ ತೂಕ ನೋಡಿ ನರ್ಸಮ್ಮನೇ ಹೇಳುತ್ತಾರೆ, ಕೇಳಿಕೊಂಡೇ ಬನ್ನಿ.

ಎಂಆರ್ ಎರಡನೇ ಡೋಸ್, ಡಿಪಿಟಿ ಬೂಸ್ಟರ್, ಪೋಲಿಯೊ ಬೂಸ್ಟರ್ ಹನಿ, ವಿಟಮಿನ್ ಎ, ಇವು 16ರಿಂದ 24 ತಿಂಗಳೊಳಗೆ. ಹೊತ್ತು ಮೀರಿದವರೂ ಬಿಡಬೇಡಿ: ಎಂಆರ್ 5 ವರ್ಷದವರೆಗೆ, ಡಿಪಿಟಿ 7 ವರ್ಷದವರೆಗೆ ಹಾಕುತ್ತಾರೆ, ಮೊದಲಿಂದ ಶುರುಮಾಡಬೇಕಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಹಣವೂ ಇಲ್ಲ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಬಸ್ಸು ತಪ್ಪುತ್ತದೆ ಎಂದು ಓಡಬೇಡಿ. ತೀವ್ರ ಅಲರ್ಜಿ ಆಗುವುದಿದ್ದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಕಾಣಿಸುತ್ತದೆ, ಅದಕ್ಕೆ ಬೇಕಾದ ಇಂಜೆಕ್ಷನ್ ಅಲ್ಲೇ ಇರುತ್ತದೆ.

ಆ ಮಗುವಿಗೆ ಮೊಟ್ಟೆಯ ವಿಷಯ ಮೊದಲೇ ತಿಳಿಸಿ ಎಲ್ಲವನ್ನೂ ಹಾಕಿಸಿದರು. ಒಂದು ರಾತ್ರಿ ಮೈ ಬಿಸಿಯಾಯಿತು, ಸೂಜಿ ಹಾಕಿದ ಜಾಗ ಸ್ವಲ್ಪ ಊದಿತು, ಅಷ್ಟೆ. ಮೊಟ್ಟೆಯ ಗಂಧೆ ಹಾಗೇ ಇದೆ. ಅದಕ್ಕೆ ಮಕ್ಕಳ ಡಾಕ್ಟರ ಹತ್ತಿರ ಬೇರೆಯಾಗಿ ತೋರಿಸಬೇಕು. ಅಲ್ಲಿಯವರೆಗೆ ರಾಗಿ ಸರಿ, ಹೆಸರುಬೇಳೆ, ಸೊಪ್ಪು ಕೊಡುತ್ತಿದ್ದಾರೆ.

ಮುಂದಿನ ಸಭೆಗೆ 5 ವರ್ಷದೊಳಗಿನ ಮಕ್ಕಳಿರುವವರೆಲ್ಲರೂ ತಾಯಿ ಕಾರ್ಡ್ ತನ್ನಿರಿ. ಖಾಲಿ ಕಾಲಂ ಇದ್ದವರು ಅದರ ಕಾರಣವನ್ನೂ ಹೇಳಿರಿ. ಕೂಲಿಯದ್ದಾದರೆ ಕೂಲಿ ಎಂದೇ ಹೇಳಿರಿ.