ಅಕ್ಕಿಯ ಹರಿವಾಣವೂ ಮಾಂಟೆಸ್ಸೊರಿಯ ಅಕ್ಷರಗಳೂ

ವಿಜಯದಶಮಿಯಂದು ಹರಿವಾಣದಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಅಕ್ಷರ ಬರೆಸುವ ಪದ್ಧತಿ ನಮ್ಮ ಕಾಸರಗೋಡಿನ ಮಕ್ಕಳಿಗೆಲ್ಲ ಗೊತ್ತಿರುವುದೇ. ಹಿಂದಿನ ಐಗಳ ಮಠಗಳಲ್ಲಿಯೂ ಮರಳಿನ ಮೇಲೆ ಬೆರಳಾಡಿಸಿಯೇ ಅಕ್ಷರ ಕಲಿಯುತ್ತಿದ್ದರು. ಆದರೆ ಮರುದಿನವೇ ನಾವು ಹರಿವಾಣವನ್ನು ಒಳಗಿಟ್ಟು ಮಗುವಿನ ಕೈಗೆ ಸ್ಲೇಟು ಕೊಡುತ್ತೇವೆ. "ಹಾಗಲ್ಲ, ಹೀಗೆ" ಎಂದು ಗದರಿಸಲು ತೊಡಗುತ್ತೇವೆ. ಚಿಕ್ಕ ಮಗು ಕಲಿಯುವುದು ಗದರಿಕೆಯಿಂದಲ್ಲ, ತನ್ನ ಕೈಬೆರಳುಗಳಿಂದ ಎಂಬುದನ್ನು ಪ್ರಯೋಗ ಮಾಡಿ ತೋರಿಸಿದವರು ಇಟಲಿಯ ಮರಿಯಾ ಮಾಂಟೆಸ್ಸೊರಿ.

1870ರಲ್ಲಿ ಜನಿಸಿದ ಈಕೆ ವೃತ್ತಿಯಿಂದ ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ 'ಮಕ್ಕಳ ಮನೆ' ತೆರೆದರು. ತಂದೆತಾಯಿ ಕೂಲಿಗೆ ಹೋದ ಮೇಲೆ ಮಕ್ಕಳು ಗೋಡೆಗಳನ್ನು ಹಾಳುಮಾಡದಿರಲಿ ಎಂಬುದೇ ಕಟ್ಟಡದವರ ಉದ್ದೇಶವಾಗಿತ್ತಂತೆ! ಅಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಮರದ ದಿಮ್ಮಿಯ ಕುಳಿಗಳಿಂದ ಗುಂಡನೆಯ ತುಂಡುಗಳನ್ನು ತೆಗೆದು ಮತ್ತೆ ಕೂಡಿಸುತ್ತಿದ್ದಳು. ಮಾಂಟೆಸ್ಸೊರಿ ಉಳಿದ ಮಕ್ಕಳಿಂದ ಹಾಡಿಸಿದರು. ಅವಳನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳು ತಲೆಯೆತ್ತಲಿಲ್ಲ. ನಲ್ವತ್ತಕ್ಕೂ ಹೆಚ್ಚು ಸಲ ಅದೇ ಕೆಲಸ ಮಾಡಿ, ಬಳಿಕ ನಿದ್ದೆಯಿಂದ ಎದ್ದವಳಂತೆ ನಸುನಕ್ಕಳು.

ಆ ದಿಮ್ಮಿಯಲ್ಲಿ ಹತ್ತು ಕುಳಿಗಳು, ಹತ್ತು ತುಂಡುಗಳು. ಒಂದು ತುಂಡನ್ನು ತಪ್ಪು ಕುಳಿಯಲ್ಲಿ ಇಟ್ಟರೆ ಕೊನೆಗೆ ಯಾವುದೋ ಒಂದು ಹಿಡಿಸದೆ ಉಳಿಯುತ್ತದೆ. ತಪ್ಪಾಯಿತೆಂದು ಮಾಸ್ತರರು ಹೇಳಬೇಕಾಗಿಲ್ಲ, ಮರವೇ ಹೇಳುತ್ತದೆ. ಮರ ಬಯ್ಯುವುದಿಲ್ಲವಾದ್ದರಿಂದ ಮಗು ಅಳುವುದೂ ಇಲ್ಲ. ಈ ಪದ್ಧತಿಯ ಗುಟ್ಟು ಇದೇ ಎಂದು ನನ್ನ ಅಭಿಪ್ರಾಯ.

ಅಕ್ಷರಪಾಠವೂ ಹಾಗೆಯೇ. ಬಡಗಿಗಳು ಮರ ಉಜ್ಜುವ ಮರಳುಕಾಗದವನ್ನು ಅಕ್ಷರದ ಆಕಾರದಲ್ಲಿ ಕತ್ತರಿಸಿ ರಟ್ಟಿಗೆ ಅಂಟಿಸುತ್ತಾರೆ. ಮಗು ಎರಡು ಬೆರಳುಗಳಿಂದ ಅದನ್ನು ಸವರುತ್ತಾ ಅದರ ಉಚ್ಚಾರವನ್ನು ಹೇಳುತ್ತದೆ. ಕೈ ಹಾದಿ ಕಲಿತ ಮೇಲೆಯೇ ಬಳಪ. ಇದಕ್ಕೆ ನಮ್ಮ ಕನ್ನಡ ಎಷ್ಟು ಅನುಕೂಲ ನೋಡಿ: 'ಕ' ಎಂಬುದರ ಹೆಸರೂ ಉಚ್ಚಾರವೂ ಒಂದೇ. ಇಂಗ್ಲಿಷಿನಲ್ಲಾದರೋ 'ಸಿ' ಎಂದು ಕಲಿತ ಮಗು 'ಕ್ಯಾಟ್' ಎಂದು ಓದಬೇಕು! ಮೂರು ವರ್ಷಕ್ಕೇ ಎಬಿಸಿ ಬರೆಯಲಿಲ್ಲವೆಂದು ಕೊರಗುವ ಹೆತ್ತವರು ಇದನ್ನು ಯೋಚಿಸಬೇಕು. ಶಾಲೆಯ ಹಲಗೆಯ ಮೇಲೆ 'ಮಾಂಟೆಸ್ಸೊರಿ' ಎಂದು ಯಾರು ಬೇಕಾದರೂ ಬರೆಸಬಹುದು. ಒಳಗೆ ಮಕ್ಕಳ ಕೈಗೆ ಕೆಲಸವಿದೆಯೇ ಎಂದು ನೋಡಿ ಸೇರಿಸಿರಿ.

ಮಾಂಟೆಸ್ಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಅಧ್ಯಾಪಕರಿಗೆ ತರಬೇತಿ ಕೊಡಲು ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದುದರಿಂದ ಮಗ ಮಾರಿಯೊ ಬಂಧನಕ್ಕೊಳಗಾದರು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವರ ಬಿಡುಗಡೆಯಾಯಿತು. ಯುದ್ಧ ಮುಗಿದು 1946ರಲ್ಲಿ ಹಿಂದಿರುಗುವವರೆಗೂ ಆಕೆ ನಮ್ಮ ದೇಶದಲ್ಲಿಯೇ ಉಳಿದು ಪಾಠ ಹೇಳಿದರು.

ಸಲಕರಣೆಗಳಿಗೆ ಹಣವೆಲ್ಲಿದೆ ಎನ್ನುವಿರಾ? ಮಹಾರಾಷ್ಟ್ರದ ಕೋಸಬಾಡದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಆದಿವಾಸಿ ಮಕ್ಕಳಿಗೆ ಬೀಜ, ಕಲ್ಲು, ಎಲೆಗಳಿಂದಲೇ ಕಲಿಸಿದರು. ನಮ್ಮ ಅಂಗಳದಲ್ಲಿ ಅಡಕೆಯಿದೆ, ಗೆರಟೆಯಿದೆ. ದೊಡ್ಡ ಅಡಕೆ ಬೇರೆ, ಸಣ್ಣದು ಬೇರೆ ಮಾಡಲು ತಂಗಿಗೆ ಕೊಡಿ. ಚಿಕ್ಕ ಚೆಂಬಿನಿಂದ ಲೋಟಕ್ಕೆ ನೀರು ಎರೆಯಲು ಬಿಡಿ. ಚೆಲ್ಲಿದರೆ ಒರೆಸಲು ಬಟ್ಟೆಯನ್ನೂ ಅವಳ ಕೈಗೇ ಕೊಡಿ.

ಹೇಳುವುದು ಸುಲಭ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕುಳಿತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ನಾನೇ ಹಾಕಿಬಿಟ್ಟೆ. ಅವಳು ಅತ್ತು, ಎಲ್ಲವನ್ನೂ ಬಿಚ್ಚಿ, ಮೊದಲಿನಿಂದ ಹಾಕಿಕೊಂಡಳು. ಬಸ್ಸು ಹೇಗೂ ತಪ್ಪಿತು.

ಕಾಳು ಆರಿಸಲು ಕೊಡುವಾಗ ಮಾತ್ರ ದೊಡ್ಡವರು ಪಕ್ಕದಲ್ಲಿರಬೇಕು. ಕಡಲೆಯನ್ನು ಮೂಗಿಗೆ ತುರುಕಿಕೊಳ್ಳುವ ಮಕ್ಕಳೂ ಇದ್ದಾರೆ.