ಚಿಂತೆಯನ್ನು ಬಿಡಿಸಿ ಹೇಳಿ

ಮಗಳ ಫೀಸು, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ಮನೆಸಾಲದ ಕಂತು ಎಂದು ರಾತ್ರಿ ಎರಡಕ್ಕೆ ಎಚ್ಚರವಾಗಿ ಮಗ್ಗುಲು ಬದಲಿಸುತ್ತಿದ್ದೀರಾ? ಬೈಬಲಿನಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆದು ಓದಿ. ಚಿಂತೆ ಬಿಡಿ, ಬೇಕಾದ್ದನ್ನು ಸ್ತೋತ್ರದೊಡನೆ ದೇವರಿಗೆ ತಿಳಿಸಿ ಎಂದು ಅಲ್ಲಿ ಹೇಳುವ ಪೌಲ ಆಗ ಸೆರೆಯಲ್ಲಿದ್ದ. ಅವನಿಗೆ ಬದುಕೋ ಸಾವೋ ಎಂಬುದೂ ತೀರ್ಮಾನವಾಗಿರಲಿಲ್ಲ. ಅದಕ್ಕೇ ಅವನ ಮಾತಿನ ಮೇಲೆ ನನಗೆ ಅಷ್ಟು ನಂಬಿಕೆ. ಕೇಳಿದ್ದೆಲ್ಲ ಸಿಗುತ್ತದೆಂದು ಅವನು ಮಾತು ಕೊಡುವುದಿಲ್ಲ. ದೇವರ ಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ ಎನ್ನುತ್ತಾನೆ. ಇವತ್ತು ಮಲಗುವ ಮುನ್ನ, ಎಲ್ಲ ಒಳ್ಳೆಯದಾಗಲಿ ಎಂದಷ್ಟೇ ಪ್ರಾರ್ಥನೆ ಮುಗಿಸಬೇಡಿ. ಫೀಸು ಎಷ್ಟು, ಯಾವ ತಾರೀಖಿನೊಳಗೆ ಕಟ್ಟಬೇಕು, ಎಲ್ಲವನ್ನೂ ತಂದೆಯಾದ ದೇವರಿಗೆ ಬಿಡಿಸಿ ಹೇಳಿ. ಈ ದಿನ ಸಿಕ್ಕ ಉಪಕಾರವೊಂದನ್ನು ನೆನೆದು ಸ್ತೋತ್ರ ಸಲ್ಲಿಸಿ. ಬೆಳಿಗ್ಗೆ ಎದ್ದು ಡಾಕ್ಟರಿಗೆ ಫೋನ್ ಮಾಡಿ, ಆ ರಿಪೋರ್ಟಿನ ಬಗ್ಗೆ ಧೈರ್ಯವಾಗಿ ಕೇಳಿ.